ಗೋಡೆಯಾಚೆ ಕೂಸು ಮಲಗಿದೆ, ಕಂಪ್ರೆಸರ್ ಹಾಕಲೇ?

ರಾತ್ರಿ ಹನ್ನೊಂದೂವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲ್‌ನಲ್ಲಿ ಏನಾದರೂ ಆರ್ಡರ್ ಮಾಡುವ ಚಟ ನಿಮಗೂ ಇದೆಯಾ? ನನಗಿತ್ತು. ಹಾಗೆಯೇ ಒಂದು ರಾತ್ರಿ ಏರ್ ಕಂಪ್ರೆಸರ್ ಆರ್ಡರ್ ಮಾಡಿದೆ. 2 ಎಚ್‌ಪಿ ಮೋಟರ್, 24 ಲೀಟರ್ ಟ್ಯಾಂಕು, ನಾಲ್ಕೂವರೆ ಸ್ಟಾರು, ಮೇಲೆ ಆಫರ್ ಬೇರೆ. 'ದೊಡ್ಡದು ತಗೊಂಡ್ರೆ ಮುಂದೂ ಬರ್ತದ' ಅನ್ನುವ ನಮ್ಮೂರ ಲೆಕ್ಕ. ಸದ್ದು ಎಷ್ಟು ಅಂತ ನೋಡಲೇ ಇಲ್ಲ.

ನಾನಿರೋದು ಗೋಕಾಕದಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ. ಶನಿವಾರ, ಭಾನುವಾರ ಹಿಂದಿನ ಖೋಲಿಯಲ್ಲಿ ಕಟ್ಟಿಗೆ ಕೆಲಸ. ಗೋಕಾಕ ಅಂದರೆ ಹೊರಗಿನವರಿಗೆ ಕರದಂಟು ಮತ್ತು ಜಲಪಾತ. ನಮಗೆ ಇನ್ನೊಂದಿದೆ, ಬಣ್ಣದ ಆಟಿಗೆ. ಕಟ್ಟಿಗೆಯ ಮಾವು, ಬಾಳೆ, ಬದನೆ, ಸೀತಾಫಲ. ತಾಟಿನಲ್ಲಿ ಇಟ್ಟರೆ ಬಂದ ನೆಂಟರು ಕೈ ಹಾಕಿ ನೋಡಬೇಕು, ಹಾಗಿರುತ್ತವೆ. ನಾನು ಆ ಕಸುಬಿನ ಮನೆತನದವನಲ್ಲ. ಓಣಿಯ ಹಿರಿಯರೊಬ್ಬರು ಮಾಡುವುದನ್ನು ಕಟ್ಟೆ ಮೇಲೆ ಕೂತು ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡವನು, ಅಷ್ಟೇ.

ಮಾವಿನ ಹಣ್ಣಿನ ಬಣ್ಣ ಬಲು ಕಠಿಣ ನೋಡ್ರಿ. ತೊಟ್ಟಿನ ಹತ್ತಿರ ಹಸಿರು, ಕೆಳಗೆ ಬಂದಂತೆ ಹಳದಿ, ಹೆಗಲ ಮೇಲೆ ಒಂದಿಷ್ಟು ಕೆಂಪು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಹಿರಿಯರು ಕುಂಚದಲ್ಲೇ ಅದನ್ನು ತರುತ್ತಾರೆ. ನನ್ನ ಕೈಗೆ ಅದು ಒಲಿಯಲಿಲ್ಲ, ನನ್ನ ಮಾವು ಪಕ್ಷದ ಬಾವುಟದ ಥರ ಕಾಣುತ್ತಿತ್ತು. ಅದಕ್ಕೇ ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಶ್, ಅದಕ್ಕೆ ಗಾಳಿ ಕೊಡೋಕೆ ಕಂಪ್ರೆಸರ್.

ಬಾಕ್ಸ್ ಬಂತು. ಸ್ವಿಚ್ ಹಾಕಿದೆ. ಕಿವಿಯೊಳಗೆ ಕಲ್ಲು ಒಡೆಯುವ ಮಷಿನ್ ಹೊಕ್ಕಂತಾಯಿತು. ಮೊಬೈಲ್‌ನ ಸದ್ದು ಅಳೆಯುವ ಆ್ಯಪ್ ಒಂದು ಮೀಟರ್ ದೂರದಲ್ಲಿ 92 ಡೆಸಿಬಲ್ ತೋರಿಸಿತು. ಇಂಥ ಆ್ಯಪ್‌ಗಳನ್ನು ಪೂರ್ತಿ ನಂಬಬಾರದು, ಆದರೆ ಒಂದು ಮಷಿನ್‌ಗೆ ಇನ್ನೊಂದನ್ನು ಹೋಲಿಸೋಕೆ ಸಾಕು.

ಒಂದೆರಡು ನಿಮಿಷವೂ ಆಗಿರಲಿಲ್ಲ, ಗೋಡೆಯ ಆಚೆಯಿಂದ ಕೂಸಿನ ಅಳು.

ನಮ್ಮದು ಹಳೇ ಓಣಿ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆ ಮನೆಯ ಆಯಿ ನನ್ನನ್ನು ಎತ್ತಿ ಆಡಿಸಿದವರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಬಾಣಂತಿ ಖೋಲಿ ಸರಿಯಾಗಿ ನನ್ನ ಕೆಲಸದ ಖೋಲಿಗೆ ಹತ್ತಿ. ಓಡಿ ಹೋಗಿ ಮಷಿನ್ ಬಂದ್ ಮಾಡಿದೆ. ಸಂಜೆ ಆಯಿ ಕಟ್ಟೆ ಮೇಲೆ ಸಿಕ್ಕರು. ಬೈಯುತ್ತಾರೆ ಅಂದುಕೊಂಡೆ.

"ನೀ ಕೆಲಸಾ ಮಾಡಪಾ. ನಾವ ಬಾಗಲಾ, ಕಿಡಕಿ ಹಾಕ್ಕೋತೇವಿ," ಅಂದರು.

ಏಪ್ರಿಲ್ ತಿಂಗಳು. ಗೋಕಾಕದ ಏಪ್ರಿಲ್‌ನಲ್ಲಿ ಬಾಣಂತಿ ಮತ್ತು ಕೂಸು ಬಾಗಿಲು ಕಿಟಕಿ ಹಾಕಿಕೊಂಡು ಕೂರಬೇಕು, ಯಾಕೆಂದರೆ ನಾನು ಕಟ್ಟಿಗೆಯ ಮಾವಿನಹಣ್ಣಿಗೆ ಬಣ್ಣ ಹೊಡೆಯಬೇಕು! ಬೈದಿದ್ದರೆ ವಾಸಿ ಇತ್ತು.

ಆ ರಾತ್ರಿ ನಿಯಮ ಓದಿದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಡೆಸಿಬಲ್ ನಮ್ಮ ಮಾಮೂಲಿ ಲೆಕ್ಕದಂತೆ ಏರುವುದಿಲ್ಲ. ಹತ್ತು ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಅಂದರೆ 62ಕ್ಕೂ 92ಕ್ಕೂ ನಡುವೆ ಎಂಟು ಪಟ್ಟು. ಇನ್ನು ನನ್ನದೇ ಕಿವಿಯ ಮಾತು. ರಬಕವಿ ಕಡೆ ಪವರ್‌ಲೂಮ್ ಶೆಡ್‌ಗಳಲ್ಲಿ ಆಯುಷ್ಯ ಕಳೆದ ನಮ್ಮ ಸೋದರಮಾವನಿಗೆ ಈಗ ಫೋನ್‌ನಲ್ಲಿ ಮಾತಾಡಿದರೆ ಅರ್ಧ ಕೇಳುವುದಿಲ್ಲ, ಉಳಿದರ್ಧ ಇಡೀ ಓಣಿಗೆ ಕೇಳುತ್ತದೆ. ಅಮೆರಿಕದ ನಯಾಶ್ ಅನ್ನುವ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. 91ಕ್ಕೆ ಬರೀ ಎರಡು ತಾಸು.

ವಾಪಸ್ ಕಳಿಸುವ ಅವಧಿ ಮುಗಿದಿತ್ತು. ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಪಂಕ್ಚರ್, ವೆಲ್ಡಿಂಗ್ ಮಾಡುವ ಡಿಪ್ಲೊಮಾ ಗೆಳೆಯನಿಗೆ ಫೋನ್ ಹಚ್ಚಿದೆ. "ತಗೊಂಡ ಬಾ, ನೋಡೂನು," ಅಂದ.

ಕಬ್ಬಿನ ಸೀಮೆಯ ಆ ರಸ್ತೆಯಲ್ಲಿ ಅವನ ಶೆಡ್. ಸುತ್ತ ಮನೆಗಳಿಲ್ಲ. ಅಲ್ಲಿ ನನ್ನ ಮಷಿನ್ ಹಚ್ಚಿದರೆ ಯಾರೂ ತಿರುಗಿಯೂ ನೋಡಲಿಲ್ಲ! ಟ್ರ್ಯಾಕ್ಟರ್ ಗಾಲಿಗೆ ಗಾಳಿ ಬೇಕು, ಜಲ್ದಿ ಬೇಕು, ಜಾಸ್ತಿ ಬೇಕು. ಮಷಿನ್ ಕೆಟ್ಟದ್ದಾಗಿರಲಿಲ್ಲ, ಜಾಗ ತಪ್ಪಿತ್ತು.

ಅವನೇ ಕೇಳಿದ: "ನಿನ್ನ ಆ ಪೆನ್ನಿನಂಥಾ ಗನ್ನಿಗೆ ಎಷ್ಟ ಗಾಳಿ ಬೇಕ?" ನನಗೆ ಗೊತ್ತಿರಲಿಲ್ಲ. ಎರಡು ಎಚ್‌ಪಿ ಮಷಿನ್ ಕೊಂಡವನಿಗೆ ತನ್ನ ಕೆಲಸಕ್ಕೆ ಎಷ್ಟು ಗಾಳಿ ಬೇಕು ಅಂತ ಗೊತ್ತಿಲ್ಲ. ಅವನು ನಕ್ಕಿದ್ದು ಸರಿಯೇ.

ಕೂತು ಲೆಕ್ಕ ಹಾಕಿದೆವು. ಕಂಪ್ರೆಸರ್ ಅಂದರೆ ಮೋಟರ್ ಹಚ್ಚಿದ ಸೈಕಲ್ ಪಂಪು. (ನಮ್ಮ ಜಿಲ್ಲೆಯ ಗುರ್ಲಹೊಸೂರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಶುರು ಮಾಡಿದ್ದೂ ಸೈಕಲ್ ಅಂಗಡಿಯನ್ನೇ. ಮುಂದೆ ಅದೇ ಮನೆತನದ ಉದ್ಯಮ ಪುಣೆಯಲ್ಲಿ ಕಂಪ್ರೆಸರ್ ಕಾರ್ಖಾನೆಯನ್ನೇ ಕಟ್ಟಿತು.) ಪಂಪು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನೋದನ್ನು ಸಿಎಫ್‌ಎಂ ಅಥವಾ ಲೀಟರ್‌ನಲ್ಲಿ ಹೇಳುತ್ತಾರೆ. ಒಂದು ಸಿಎಫ್‌ಎಂ ಅಂದರೆ 28 ಲೀಟರ್ ಚಿಲ್ಲರೆ. 0.3 ಮಿಲಿಮೀಟರ್ ಮೂತಿಯ ಏರ್‌ಬ್ರಶ್‌ಗೆ ಬೇಕಾಗುವುದು ಸುಮಾರು ಅರ್ಧ ಸಿಎಫ್‌ಎಂ, ಒತ್ತಡ 20-25 ಪಿಎಸ್‌ಐ. ಮೊದಲ ಕೋಟ್ ಹೊಡೆಯುವ ಸಣ್ಣ ಟಚ್‌ಅಪ್ ಗನ್‌ಗೆ ಎರಡರಿಂದ ನಾಲ್ಕು. ಬಾಗಿಲು, ಕಪಾಟಿಗೆ ಬಣ್ಣ ಹೊಡೆಯುವ ದೊಡ್ಡ ಗನ್‌ಗೆ ಎಂಟು, ಹತ್ತು, ಅದಕ್ಕೂ ಹೆಚ್ಚು. ನಾನು ಕಪಾಟು ಮಾಡುವವನಲ್ಲ. ನನಗೆ ಬೇಕಿದ್ದದ್ದು ಊದುಬತ್ತಿಯಷ್ಟು ಗಾಳಿ, ತಂದದ್ದು ಭಟ್ಟಿಗೆ ಊದುವ ತಿದಿ.

ಇಲ್ಲೊಂದು ಮೋಸವಿದೆ, ಅಂಗಡಿಗೆ ಹೋಗುವ ಮುನ್ನ ತಿಳಿದಿರಲಿ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದ ಸಿಎಫ್‌ಎಂ ಬಹಳ ಸಲ 'ಡಿಸ್‌ಪ್ಲೇಸ್‌ಮೆಂಟ್', ಅಂದರೆ ಪಿಸ್ಟನ್ ನುಂಗುವ ಗಾಳಿ. ಪೈಪಿನ ತುದಿಗೆ ನಿಮಗೆ ಸಿಗುವುದು 'ಫ್ರೀ ಏರ್ ಡೆಲಿವರಿ', ಚುಟುಕಾಗಿ ಎಫ್‌ಎಡಿ. ಸಣ್ಣ ಮಷಿನ್‌ಗಳಲ್ಲಿ ಇದು ನುಂಗಿದ್ದರ ಮೂರರಲ್ಲಿ ಎರಡು ಪಾಲು ಇದ್ದರೆ ಪುಣ್ಯ. ಎಫ್‌ಎಡಿ ಎಷ್ಟು ಅಂತ ಕೇಳಿ. ಅಂಗಡಿಯವರು ಮತ್ತೆ ಎಚ್‌ಪಿ ಬಗ್ಗೆಯೇ ಮಾತಾಡಿದರೆ ಎದ್ದು ಬನ್ನಿ.

ಗೆಳೆಯ ತನ್ನದೊಂದು ಜುಗಾಡ್ ತೋರಿಸಿದ. ಹಳೇ ಫ್ರಿಜ್‌ನ ಕಂಪ್ರೆಸರ್ ಕಿತ್ತು, ಗುಜರಿಯಲ್ಲಿ ಸಿಕ್ಕ ಬೆಂಕಿ ಆರಿಸುವ ಸಿಲಿಂಡರ್‌ಗೆ ಜೋಡಿಸಿದ್ದ. ಸದ್ದೇ ಇಲ್ಲ! ಮನೆಯಲ್ಲಿ ಫ್ರಿಜ್ ಓಡುವಷ್ಟೇ. ಆಸೆ ಆಯಿತು, ಸುಳ್ಳು ಹೇಳೋದಿಲ್ಲ. ಆದರೆ ಫ್ರಿಜ್ ಕಂಪ್ರೆಸರ್‌ನೊಳಗಿನ ಎಣ್ಣೆ ಗಾಳಿ ಜೊತೆ ಹೊರಗೆ ಬರುತ್ತದೆ. ಒಂದು ಹನಿ ಎಣ್ಣೆ ಬಣ್ಣದಲ್ಲಿ ಬಿದ್ದರೆ ಅಲ್ಲಿ ಮೀನಿನ ಕಣ್ಣಿನಂಥ ಗುಂಡಿ. ಅದಕ್ಕಿಂತ ದೊಡ್ಡ ಮಾತು ಆ ಸಿಲಿಂಡರ್. ಎಷ್ಟು ಹಳೆಯದು, ಒಳಗೆ ಎಷ್ಟು ತುಕ್ಕು ಹಿಡಿದಿದೆ, ಯಾರಿಗೆ ಗೊತ್ತು? ಒತ್ತಡದ ಗಾಳಿ ತುಂಬಿದ ಟ್ಯಾಂಕು ಒಡೆದರೆ ಸೋರುವುದಿಲ್ಲ, ಸಿಡಿಯುತ್ತದೆ. ಗೋಡೆಯಾಚೆ ಕೂಸಿರುವ ಮನೆಗೆ ಅದು ಬೇಡ ಅಂದೆ. ಅವನೂ ವಾದ ಮಾಡಲಿಲ್ಲ. ನನ್ನ 2 ಎಚ್‌ಪಿ ಅವನಿಗೇ ಬಿಟ್ಟು, ಸ್ವಲ್ಪ ಕಡಿಮೆ ದುಡ್ಡು ತಗೊಂಡು, ಕಬ್ಬಿನ ಹಾಲು ಕುಡಿದು ಬಂದೆ.

ಉತ್ತರ ಸಿಕ್ಕಿದ್ದು ಹುಕ್ಕೇರಿಯಲ್ಲಿ, ಅದೂ ಹಲ್ಲುನೋವಿನ ದೆಸೆಯಿಂದ. ಅಕ್ಕನ ಮನೆ ಅಲ್ಲಿದೆ. ಹಬ್ಬಕ್ಕೆ ಹೋದಾಗ ದವಡೆ ಹಲ್ಲು ಕೈಕೊಟ್ಟಿತು. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನಿಗೆ ಫಕ್ಕನೆ ಹೊಳೆಯಿತು: ಈ ಡ್ರಿಲ್ಲು ತಿರುಗೋದು ಗಾಳಿಯಿಂದ. ಹಾಗಾದರೆ ಕಂಪ್ರೆಸರ್ ಎಲ್ಲಿ? ಸದ್ದೇ ಇಲ್ಲವಲ್ಲ! ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದೆ. ಡಾಕ್ಟರ್ ನಗುತ್ತ ಜಿನೆ ಕೆಳಗಿನ ಪುಟ್ಟ ಖೋಲಿಯ ಬಾಗಿಲು ತೆರೆದರು. ಎರಡು ಮೋಟರ್‌ಗಳ ಬಿಳಿ ಟ್ಯಾಂಕು, ಕೆಳಗೆ ದಪ್ಪ ರಬ್ಬರ್ ಬುಡ. ಗುಂಯ್ ಅನ್ನುತ್ತಿತ್ತು, ಅಷ್ಟೇ. ಪಕ್ಕದಲ್ಲಿ ನಿಂತು ಮಾತಾಡಬಹುದು.

"ಪೇಷಂಟ್ ಮೊದಲ ಅಂಜಿರ್ತಾರ, ಅದರಾಗ ಈ ಸದ್ದು ಬ್ಯಾರೆ ಯಾಕ?" ಅಂದರು. ಎಣ್ಣೆ ಇಲ್ಲದ್ದೇ ಬೇಕು, ಗಾಳಿ ಬಾಯಿಗೆ ಹೋಗುವುದಲ್ಲವೇ.

ಗುಟ್ಟು ತೀರಾ ಸರಳ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಪೋಲ್ ಮೋಟರ್ ನಿಮಿಷಕ್ಕೆ ಸುಮಾರು 2800 ಸುತ್ತು ಸುತ್ತುತ್ತದೆ, ನಾಲ್ಕು ಪೋಲಿನದು ಸುಮಾರು 1400. ಪಿಸ್ಟನ್ ಪ್ರತಿ ಸುತ್ತಿಗೂ ಒಮ್ಮೆ ಗಾಳಿ ಗುಟುಕರಿಸುತ್ತದೆ, ಆ ಗುಟುಕಿನ ಸದ್ದೇ ದೊಡ್ಡದು. ಸುತ್ತು ಅರ್ಧವಾದರೆ ಸದ್ದು ಇಳಿಯುವುದಷ್ಟೇ ಅಲ್ಲ, ಕೀರಲು ಹೋಗಿ ಗುಂಯ್‌ಗುಡುವ ದನಿ ಆಗುತ್ತದೆ. ನನ್ನ ಹಳೆಯದು 2800ರದ್ದು. ಹಾಗಾಗಿ 'ಸೈಲೆಂಟ್' ಅನ್ನುವ ಸ್ಟಿಕರ್ ನಂಬಬೇಡಿ, ಮೋಟರ್ ತಗಡಿನ ಮೇಲೆ ಆರ್‌ಪಿಎಂ ಓದಿ. 'ಆಯಿಲ್ ಫ್ರೀ' ಅಂದ ಮಾತ್ರಕ್ಕೂ ಸದ್ದು ಕಡಿಮೆ ಅಲ್ಲ. 2800 ಸುತ್ತಿನ ಆಯಿಲ್ ಫ್ರೀ ಮಷಿನ್‌ಗಳು ಎಲ್ಲಕ್ಕಿಂತ ಹೆಚ್ಚು ಕಿರುಚುತ್ತವೆ.

ಡೆಸಿಬಲ್ ಎಷ್ಟು ಅಂತ ಬರೆದಿದ್ದರೆ ಎಷ್ಟು ದೂರದಲ್ಲಿ ಅಳೆದದ್ದು ಅಂತ ಕೇಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಆರು ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್‌ಗೆ 68 ಇದ್ದದ್ದು ನಾಲ್ಕು ಮೀಟರ್‌ಗೆ 56. ಎರಡೂ ನಿಜವೇ, ಯಾವುದನ್ನು ಬಾಕ್ಸ್ ಮೇಲೆ ಹಾಕುತ್ತಾರೆ ಅಂತ ನೀವೇ ಊಹಿಸಿ. ಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬಿನ ಖೋಲಿಯೊಳಗೆ ಸದ್ದು ಹಾಗೆ ಇಳಿಯುವುದೂ ಇಲ್ಲ, ತಿರುಗಿ ತಿರುಗಿ ಹೊಡೆಯುತ್ತದೆ.

ಹುಕ್ಕೇರಿಯಲ್ಲಿ ಭಾವ ಒಂದು ಮಾತು ಹೇಳಿದರು, ಅದು ಮಷಿನ್‌ಗಿಂತ ಉಪಯೋಗಕ್ಕೆ ಬಂತು. ಆ ಊರಿಗೆ ಕರೆಂಟ್ ವಿಷಯ ಗೊತ್ತು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅಲ್ಲಿದೆ, ರಾಜ್ಯದಲ್ಲಿ ಸಹಕಾರಿ ಸಂಘವೊಂದು ಮನೆಮನೆಗೆ ವಿದ್ಯುತ್ ಹಂಚೋದು ಅಲ್ಲಿ ಮಾತ್ರ. ಪಂಪ್‌ಸೆಟ್ ಇಟ್ಟುಕೊಂಡು ಬೆಳೆದ ಭಾವ ಕೇಳಿದ್ದು ಒಂದೇ: "ನಿಮ್ಮ ಮನ್ಯಾಗ ಸಂಜೀಕ ವೋಲ್ಟೇಜ್ ಎಷ್ಟ ಬರ್ತೈತಿ?"

ಮೋಟರ್ ಶುರುವಾಗುವಾಗಿನ ತಾಕತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ತಾಕತ್ತು ಸುಮಾರು 60 ಪರ್ಸೆಂಟ್. ಟ್ಯಾಂಕಿನಲ್ಲಿ ಅರ್ಧ ಒತ್ತಡ ಇರುವಾಗ ಮೋಟರ್ ಎದ್ದು ನಿಲ್ಲಲಾರದೆ ಮುಲುಗುತ್ತದೆ, ಬಿಸಿಯಾಗುತ್ತದೆ, ಟ್ರಿಪ್ ಆಗುತ್ತದೆ. ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಶುರುವಿನಲ್ಲಿ ಎಳೆಯುತ್ತದೆ ಬೇರೆ. ಮನೆಯ ಸಿಂಗಲ್ ಫೇಸ್‌ಗೆ ಒಂದು ಎಚ್‌ಪಿ ಒಳಗಿನದೇ ಕ್ಷೇಮ. ಮತ್ತೆ ತೆಳುವಾದ ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಭಾವನ ಸೂತ್ರ: ವೈರು ಗಿಡ್ಡ ಇರಲಿ, ಗಾಳಿ ಪೈಪು ಉದ್ದ ಇರಲಿ.

ಕೊನೆಗೆ ತಂದದ್ದು ಮುಕ್ಕಾಲು ಎಚ್‌ಪಿಯ ಆಯಿಲ್ ಫ್ರೀ, 1400 ಸುತ್ತು, 24 ಲೀಟರ್ ಟ್ಯಾಂಕು, ಎಫ್‌ಎಡಿ ನಿಮಿಷಕ್ಕೆ 60 ಲೀಟರ್ ಆಸುಪಾಸು. ಹತ್ತು ಸಾವಿರದ ಆಚೀಚೆ. ಈ ಸಲ ಮೊಬೈಲ್‌ನಲ್ಲಿ ಅಲ್ಲ, ಬೆಳಗಾವಿಗೆ ಹೋಗಿ ಅಂಗಡಿಯಲ್ಲಿ ಹಚ್ಚಿಸಿ, ಕೇಳಿ ತಂದೆ. ಖಾಲಿ ಟ್ಯಾಂಕಿನಲ್ಲಿ ಕೇಳಬೇಡಿ, ತುಂಬುತ್ತ ಬಂದಾಗ ಕೇಳಿ. ಒತ್ತಡ ಏರಿದಂತೆ ದನಿಯೂ ಬದಲಾಗುತ್ತದೆ. ಎಣ್ಣೆ ಮಷಿನ್‌ನಷ್ಟು ವರ್ಷ ಇದು ಬಾಳುವುದಿಲ್ಲ, ಪಿಸ್ಟನ್ ಉಂಗುರ ಸವೆಯುತ್ತದೆ. ದಿನವಿಡೀ ಓಡಿಸುವ ಗ್ಯಾರೇಜಿಗೆ ನಾನಿದನ್ನು ಹೇಳುವುದಿಲ್ಲ. ಭಾನುವಾರದ ಬಡಗಿಗೆ ಸಾಕು.

ಆದರೆ ಕೂಸಿನ ನಿದ್ದೆ ಉಳಿಸಿದ್ದು ಮಷಿನ್ ಒಂದೇ ಅಲ್ಲ, ಟ್ಯಾಂಕಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

24 ಲೀಟರ್ ಟ್ಯಾಂಕಿನಲ್ಲಿ 8 ಬಾರ್ ಗಾಳಿ ತುಂಬಿದೆ ಅನ್ನಿ. ಏರ್‌ಬ್ರಶ್‌ಗೆ ಬೇಕಾದ ಒತ್ತಡ 2 ಬಾರ್‌ಗಿಂತಲೂ ಕಡಿಮೆ. ಎಂಟರಿಂದ ಎರಡಕ್ಕೆ ಇಳಿಯುವವರೆಗೆ ಬಳಸಬಹುದಾದ ಗಾಳಿ 24 ಸಲ 6, ಅಂದರೆ 144 ಲೀಟರ್. ಬ್ರಶ್ ನಿಮಿಷಕ್ಕೆ 14 ಲೀಟರ್ ತಿನ್ನುತ್ತದೆ. ಹತ್ತು ನಿಮಿಷ! ಮೋಟರ್ ಬಂದ್, ಪೂರ್ತಿ ನಿಶ್ಶಬ್ದ. ಬಣ್ಣ ಹೊಡೆಯುವವನು ಎಡೆಬಿಡದೆ ಊದುವುದಿಲ್ಲ, ಹಣ್ಣು ತಿರುಗಿಸುತ್ತಾನೆ, ನೋಡುತ್ತಾನೆ. ಹಾಗಾಗಿ ಹತ್ತು ನಿಮಿಷದ ಗಾಳಿ ಅರ್ಧ ತಾಸು ಬರುತ್ತದೆ. ಮತ್ತೆ ತುಂಬೋಕೆ ಎರಡೂವರೆ ನಿಮಿಷ. 50 ಲೀಟರ್ ಟ್ಯಾಂಕಾದರೆ ಮೌನ ಎರಡು ಪಟ್ಟು, ತುಂಬುವ ಹೊತ್ತೂ ಎರಡು ಪಟ್ಟು.

ಒತ್ತಡ ಇಳಿದ ತಕ್ಷಣ ಮಷಿನ್ ತಾನಾಗಿಯೇ ಶುರುವಾಗುತ್ತದಲ್ಲ, ಅದೇ ಕೂಸುಗಳನ್ನು ಬೆಚ್ಚಿ ಬೀಳಿಸುವುದು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ಪಕ್ಕ 52 ಮೀಟರ್ ಎತ್ತರದಿಂದ ಘಟಪ್ರಭೆ ಬೀಳುವಾಗ ಮಾತು ಕೇಳಿಸದಷ್ಟು ಸದ್ದು, ಆದರೂ ಅಲ್ಲಿ ತಾಯಂದಿರ ಹೆಗಲ ಮೇಲೆ ಕೂಸುಗಳು ಮಲಗಿರುತ್ತವೆ. ಒಂದೇ ಸಮ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ, ಫಕ್ಕನೆ ಬರುವುದಕ್ಕೆ ಒಗ್ಗುವುದಿಲ್ಲ. ಅದಕ್ಕೆ ನಾನು ಮಷಿನ್‌ಗೆ ಅದರ ಮರ್ಜಿಯಂತೆ ಓಡೋಕೆ ಬಿಡುವುದಿಲ್ಲ. ಬೆಳಿಗ್ಗೆ ಬಾಣಂತಿಗೂ ಕೂಸಿಗೂ ಎರೆಯುವ ಹೊತ್ತಿಗೆ ಟ್ಯಾಂಕು ತುಂಬಿ ಸ್ವಿಚ್ ತೆಗೆಯುತ್ತೇನೆ. ಆ ಹೊತ್ತಿಗೆ ಕೂಸು ಹೇಗೂ ಅಳುತ್ತಿರುತ್ತದೆ.

ಜಾಗವನ್ನೂ ಬದಲಿಸಿದೆ. ಮಷಿನ್ ಈಗ ಹಿತ್ತಲಲ್ಲಿ, ಬಚ್ಚಲ ಪಕ್ಕದ ತಗಡಿನ ಮಾಡಿನ ಕೆಳಗೆ, ಇಬ್ಬರಿಗೂ ಸೇರಿದ ಗೋಡೆಯಿಂದ ದೂರ. ಫರ್ಸಿ ಕಲ್ಲಿನ ಮೇಲೆ ಬರಿದೇ ಇಟ್ಟರೆ ನಡುಕ ಕಲ್ಲಿಂದ ಗೋಡೆಗೆ, ಗೋಡೆಯಿಂದ ಮಂಚಕ್ಕೆ ಹರಿಯುತ್ತದೆ. ಮೂಡಲಗಿ ಗೆಳೆಯ ಕೊಟ್ಟ ಟ್ರ್ಯಾಕ್ಟರ್ ಟ್ಯೂಬಿನ ತುಂಡುಗಳನ್ನು ಮಡಚಿ ಕೆಳಗಿಟ್ಟೆ. ಕಿಟಕಿಯಿಂದ ಹತ್ತು ಮೀಟರ್ ಪೈಪು ಒಳಗೆ ಬರುತ್ತದೆ. ಸದ್ದು ಮುಚ್ಚೋಕೆ ಅಂತ ಪೆಟ್ಟಿಗೆಯೊಳಗೆ ಕೂಡಿಹಾಕಬೇಡಿ, ಗಾಳಿಯಾಡದೆ ಸುಟ್ಟು ಹೋಗುತ್ತದೆ. ಬಣ್ಣವನ್ನೂ ನೀರಿನದಕ್ಕೆ ಬದಲಿಸಿದೆ, ಥಿನ್ನರ್ ವಾಸನೆ ಗೋಡೆ ನೋಡಿ ನಿಲ್ಲುವುದಿಲ್ಲ. ನನ್ನ ಮೂಗಿಗೆ ಕಾರ್ಟ್ರಿಜ್ ಇರುವ ಮಾಸ್ಕು. ಬರೀ ಬಟ್ಟೆಯ ಮಾಸ್ಕು ಬಣ್ಣದ ಮಂಜನ್ನು ತಡೆಯುವುದಿಲ್ಲ.

ಮೊದಲ ಭಾನುವಾರ ನಲವತ್ತು ಮಾವಿಗೆ ಹಳದಿ, ಕೆಂಪು ಮುಗಿಸಿ ಕಟ್ಟೆಗೆ ಬಂದೆ. ಆಯಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು.

"ಯಾಕಪಾ, ಇವತ್ತ ಕೆಲಸಾ ಇಲ್ಲೇನ?"

ಕೈ ತೋರಿಸಿದೆ. ಬೆರಳೆಲ್ಲ ಹಳದಿ. ಅವರು ಕೈ ನೋಡಿದರು, ಗೋಡೆ ನೋಡಿದರು, "ಕಿಡಕಿ ತೆಗದ ಇಟ್ಟಿದ್ನೆಲ್ಲೋ!" ಅಂದರು.

ಒಂದು ತಾಪತ್ರಯ ಮಾತ್ರ ಉಳಿದಿದೆ. ದಿನದ ಕೊನೆಗೆ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ನೀರು ಬಸಿಯಬೇಕು, ಇಲ್ಲವಾದರೆ ಒಳಗೆ ತುಕ್ಕು. ಆಗ ಬರುವ 'ಫುಸ್ಸ್' ಸದ್ದಿಗೆ ನಮ್ಮನೆ ಬೆಕ್ಕೂ ಎದ್ದು ಓಡುತ್ತದೆ. ಸದ್ಯಕ್ಕೆ ಒತ್ತಡ ಪೂರ್ತಿ ಇಳಿದ ಮೇಲೆ, ನಲ್ಲಿಗೆ ದಪ್ಪ ಬಟ್ಟೆ ಸುತ್ತಿ, ಕಾಲು ಸುತ್ತಿನಷ್ಟೇ ತಿರುಗಿಸುತ್ತೇನೆ. ಹಿತ್ತಾಳೆಯ ಸೈಲೆನ್ಸರ್ ಒಂದು ಸಿಗುತ್ತದಂತೆ, ಮುಂದಿನ ಸಲ ಬೆಳಗಾವಿಗೆ ಹೋದಾಗ ತರಬೇಕು.